ರಸ್ತೆಯಿಲ್ಲದ ಗ್ವಾಪಿಯಲ್ಲಿ ಮರಿಂಬಾ

ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಗ್ವಾಪಿಗೆ ರಸ್ತೆಯಿಲ್ಲ. ಕಾಲಿ ನಗರದಿಂದ ಸಣ್ಣ ವಿಮಾನ ಹಿಡಿದರೆ ಒಂದು ಗಂಟೆಯೊಳಗಿನ ಹಾರಾಟ. ಮೋಡ ಕವಿದರೆ ಮಾತ್ರ ಯಾವಾಗ ಹೊರಡುತ್ತದೋ ಹೇಳಲಾಗದು. ಇಲ್ಲವಾದರೆ ಬಸ್ಸಿನಲ್ಲಿ ಬೆಟ್ಟ ಇಳಿದು ಬ್ವೆನವೆಂತುರಾ ಬಂದರು ಸೇರಿ, ಅಲ್ಲಿಂದ ಮೋಟಾರು ದೋಣಿ ಹತ್ತಬೇಕು. ದೋಣಿಯಲ್ಲಿ ಬ್ಯಾಗು ನೆನೆಯುವುದು ಖಂಡಿತ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಳ್ಳಿ. ನಗದು ಇಟ್ಟುಕೊಳ್ಳಿ. ಇಲ್ಲಿಯ ನದಿಗಳ ಆಸುಪಾಸಿನಲ್ಲಿ ಸಶಸ್ತ್ರ ಗುಂಪುಗಳಿವೆ. ಹಾಗಾಗಿ ಮೇಲ್ದಂಡೆಯ ಊರುಗಳಿಗೆ ಹೊರಡುವ ಮುನ್ನ ಸ್ಥಳೀಯರನ್ನು ವಿಚಾರಿಸದೆ ದೋಣಿ ಹತ್ತಬಾರದು.

ಚಿನ್ನದ ಗಣಿಗಳಿಗೆಂದು ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿ ಇಲ್ಲಿಯದು. ಮರಿಂಬಾ ಅವರ ವಾದ್ಯ, ಸಾಲಾಗಿ ಜೋಡಿಸಿದ ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವಂಥದ್ದು. ಅದರ ಪಟ್ಟಿಗಳು ಚೋಂಟಾ ಎಂಬ ತಾಳೆಜಾತಿಯ ಮರದ್ದು, ಕೆಳಗಿನ ಕೊಳವೆಗಳು ಗ್ವಾದುವಾ ಬಿದಿರಿನವು. ಬಿದಿರಿನ ಗಂಟೇ ಕೊಳವೆಯ ತಳವನ್ನು ಮುಚ್ಚುತ್ತದೆ. ಸ್ವರ ಕೂಡಿಸುವ ಕೆಲಸ ಕತ್ತಿಯದು: ಪಟ್ಟಿಯ ನಡುವೆ ಅಡಿಭಾಗ ಕೆತ್ತಿದರೆ ಸ್ವರ ಇಳಿಯುತ್ತದೆ, ತುದಿ ಕೆತ್ತಿದರೆ ಏರುತ್ತದೆ. ನಡುವೆ ಅತಿಯಾಗಿ ಕೆತ್ತಿದರೆ ತುದಿ ಕೆತ್ತಿ ಸರಿಪಡಿಸಬಹುದು. ಆದರೆ ಪಟ್ಟಿ ತೆಳ್ಳಗಾದಷ್ಟೂ ನಾದ ಸೊರಗುತ್ತದೆ. ಇಷ್ಟೆಲ್ಲ ಕೂಡಿಸಿದ್ದನ್ನು ಇಲ್ಲಿಯ ತೇವ ಕೆಡಿಸಬಲ್ಲದು. ಹಳೆಯ ವಾದ್ಯಗಳಲ್ಲಿ ಸಪ್ತಕವನ್ನು ಹೆಚ್ಚುಕಡಿಮೆ ಏಳು ಸಮಪಾಲು ಮಾಡಿರುತ್ತಾರೆ. ಹಾರ್ಮೋನಿಯಂಗೆ ಒಗ್ಗಿದ ಕಿವಿಗೆ ಅದು ಅಪಸ್ವರ ಅನ್ನಿಸೀತು. ತಾಳ್ಮೆಯಿರಲಿ, ಹಾಡು ಕೂರುವುದು ಆ ಸ್ವರಗಳ ಮೇಲೆಯೇ.

ಜೊತೆಗೆ ಎರಡು ಬೊಂಬೊ, ಎರಡು ಕುನುನೊ. ಎರಡೂ ಜೋಡಿಯಲ್ಲಿ ಒಂದು ಗಂಡು, ಒಂದು ಹೆಣ್ಣು. ಬೊಂಬೊ ಕೋಲಿನಿಂದ ಬಾರಿಸುವ ದೊಡ್ಡ ಡೋಲು, ಕುನುನೊ ಕೈಯಿಂದ ನುಡಿಸುವಂಥದ್ದು. ಇಲ್ಲಿಯ ಮುಖ್ಯ ಹಾಡು-ಕುಣಿತವಾದ ಕುರುಲಾವೊದ ಆರು ಮಾತ್ರೆಗಳನ್ನು ಮೂರು-ಮೂರಾಗಿಯೂ ಎಣಿಸಬಹುದು, ಎರಡೆರಡಾಗಿಯೂ ಎಣಿಸಬಹುದು; ಎರಡೂ ಲೆಕ್ಕ ಏಕಕಾಲಕ್ಕೆ ನಡೆಯುತ್ತಿರುತ್ತವೆ. ಚಪ್ಪಾಳೆ ತಟ್ಟಲು ಹೋದ ಹೊಸಬರು ತಪ್ಪುವುದು ಇಲ್ಲೇ. ಸುಮ್ಮನೆ ಬೊಂಬೊದ ಪೆಟ್ಟನ್ನು ಕಿವಿಯಲ್ಲಿ ಹಿಡಿದುಕೊಳ್ಳಿ.

ಮರಿಂಬಾ ಕಣ್ಣಿಗೆ ದೊಡ್ಡದು ನಿಜ. ಆದರೆ ಹಾಡನ್ನು ನಡೆಸುವವರು ಹೆಂಗಸರು, ಕಾಂತಾದೋರಾಗಳು. ಸೊಲ್ಲೆತ್ತುವವಳು ಗ್ಲೊಸಾದೋರಾ, ಉಳಿದವರು ರೆಸ್ಪೊಂದೆದೋರಾಗಳು. ಸಾಲು ಕಟ್ಟುವುದು, ಎಷ್ಟು ಹೊತ್ತು ಎಳೆಯಬೇಕು ಎನ್ನುವುದು ಮುಂದಾಳಿನ ಕೈಯಲ್ಲಿದೆ. ಹಾಡುವ ಹೆಂಗಸರ ಕೈಯಲ್ಲಿ ಗ್ವಾಸಾ: ಬಿದಿರಿನ ಕೊಳವೆಗೆ ಅಡ್ಡಡ್ಡ ಚೋಂಟಾ ಮುಳ್ಳು ಹೊಡೆದು, ಒಳಗೆ ಬೀಜ ತುಂಬಿ, ಬಾಯಿ ಮುಚ್ಚಿದ್ದು. ಬೀಜಗಳು ಮುಳ್ಳಿಗೆ ತಾಕುತ್ತ ಸರಿಯುವುದರಿಂದಲೇ ಆ ಸರಸರ. ಮುಳ್ಳು ಕಡಿಮೆಯಾದರೆ ಬೀಜವೆಲ್ಲ ಒಮ್ಮೆಲೇ ತುದಿಗೆ ಬಿದ್ದು ಠಪ್ ಎಂದು ನಿಲ್ಲುತ್ತದೆ.

ಎಲ್ಲ ಹಾಡೂ ಎಲ್ಲ ಹೊತ್ತಿಗಲ್ಲ. ಸಂತರ ರಾತ್ರಿಗಳಿಗೆ ಅರುಲ್ಯೊ. ಪುಟ್ಟ ಮಗು ತೀರಿಕೊಂಡರೆ ಚಿಗ್ವಾಲೊ. ಮಗು ನೇರ ಸ್ವರ್ಗ ಸೇರಿತೆಂಬ ನಂಬಿಕೆಯಿಂದ ಅದರಲ್ಲಿ ಆಟವೂ ಇರುತ್ತದೆ. ದೊಡ್ಡವರ ಸಾವಿಗೆ ಅಲಬಾವೊ, ವಾದ್ಯವಿಲ್ಲದೆ ಬರೀ ದನಿ. ಅಲಬಾವೊ ಕೇಳಬೇಕೆಂದು ಪ್ರವಾಸಿಗಳು ದುಂಬಾಲು ಬೀಳುವುದು ಸಲ್ಲ.

ಯುನೆಸ್ಕೊ ಈ ಸಂಗೀತವನ್ನು 2010ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2015ರಲ್ಲಿ ಗಡಿಯಾಚೆಗಿನ ಈಕ್ವೆಡಾರ್‌ನ ಎಸ್ಮೆರಾಲ್ದಾಸ್ ಪ್ರಾಂತ್ಯವೂ ಸೇರಿತು. ಕಾಲಿಯಲ್ಲಿ 1997ರಿಂದ ನಡೆಯುತ್ತಿರುವ ಪೆತ್ರೋನಿಯೊ ಆಲ್ವಾರೆಸ್ ಉತ್ಸವ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ. ಹಲವು ನದಿಗಳ ತಂಡಗಳು ಒಂದೇ ಕಡೆ ಸಿಗುವುದು ಅದರ ಅನುಕೂಲ. ಕಬ್ಬಿನ ಹಾಲಿನಿಂದ ಇಳಿಸಿದ ವಿಚೆ ಎಂಬ ಸಾರಾಯಿಯೂ ಅಲ್ಲಿ ಸಿಗುತ್ತದೆ, ತುಸು ತುಸುವೇ ಕುಡಿಯಿರಿ. ಆದರೆ ಆ ಉತ್ಸವ ಸ್ಪರ್ಧೆಯ ವೇದಿಕೆ, ಅಲ್ಲಿ ಹಾಡಿಗೆ ಸಮಯದ ಮಿತಿಯಿದೆ. ಹಾಡು ತನ್ನ ಪಾಡಿಗೆ ಬೆಳೆಯುವುದನ್ನು ಕೇಳಬೇಕಿದ್ದರೆ ಡಿಸೆಂಬರ್ 7ಕ್ಕೆ ಗ್ವಾಪಿಗೇ ಬರಬೇಕು. ಅಂದು ರಾತ್ರಿ ದೋಣಿಗಳನ್ನು ಜೋಡಿಸಿ ಕಟ್ಟಿದ ತೆಪ್ಪಗಳು, ಬಲ್ಸಾದಾಗಳು, ಮಾತೆ ಮರಿಯಳ ಹೆಸರಿನಲ್ಲಿ ದೀಪ ಹಚ್ಚಿಕೊಂಡು ಹಾಡಿನೊಂದಿಗೆ ನದಿಯಲ್ಲಿ ಬರುತ್ತವೆ. ಊರು ಚಿಕ್ಕದು, ಹೊರಗಿನವರು ಬಂದು ತುಂಬುವ ಮೊದಲೇ ಕೋಣೆ ಗೊತ್ತು ಮಾಡಿಕೊಂಡಿರಿ, ಮರಳುವ ವಿಮಾನಕ್ಕೂ ಮುಂದಿನ ಪ್ರಯಾಣಕ್ಕೂ ನಡುವೆ ಒಂದು ದಿನ ಖಾಲಿ ಬಿಡಿ.