ನನಗೆ ಸೆಕೆ

1 ಜುಲೈ 2025, ಮಂಗಳವಾರ
ಟ್ಯೂಬಿಂಗೆನ್

ಇವತ್ತು ಹನ್ನೆರಡು ಜನರೆದುರು ನಿಂತು, ಹೇಳಬಾರದ ಒಂದು ಮಾತನ್ನು ಬಹಳ ಸ್ಪಷ್ಟವಾದ ಉಚ್ಚಾರಣೆಯಲ್ಲಿ ಹೇಳಿ ಬಂದೆ.

ಸೆಮಿನಾರಿನಲ್ಲಿ ನನ್ನ ಪ್ರಬಂಧ ಮಂಡನೆಯಿತ್ತು. ಹೊರಗೆ 35 ಡಿಗ್ರಿಯ ಆಸುಪಾಸು. ಚಳಿಯೊಂದೇ ಶತ್ರು ಎಂದುಕೊಂಡು ಕಟ್ಟಿದ ದಪ್ಪ ಗೋಡೆಯ ಕೋಣೆ. ತಲೆಯೆತ್ತಿ ನೋಡಿದರೆ ಫ್ಯಾನಿನ ಕೊಕ್ಕೆಯೂ ಇಲ್ಲ. ಶುರು ಮಾಡುವ ಮೊದಲು ಕಿಟಕಿ ತೆರೆಯಬಹುದೇ ಎಂದು ಕೇಳಬೇಕೆನಿಸಿ, ಪೀಠಿಕೆಯಾಗಿ ಜರ್ಮನ್‌ನಲ್ಲಿ ‘ಇಶ್ ಬಿನ್ ಹೈಸ್’ ಎಂದೆ. ಇಶ್ ಎಂದರೆ ನಾನು, ಹೈಸ್ ಎಂದರೆ ಬಿಸಿ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಒಬ್ಬ ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದ. ಪ್ರಾಧ್ಯಾಪಕಿ ಮಾತ್ರ ಮುಖದ ಒಂದು ಗೆರೆಯೂ ಕದಲದಂತೆ ಎದ್ದು ಹೋಗಿ ಕಿಟಕಿ ತೆರೆದರು. ಆ ಪುಣ್ಯಾತ್ಮೆಗೆ ನಾನು ಋಣಿ. ತರಗತಿ ಮುಗಿದ ಮೇಲೆ ಸಹಪಾಠಿಯೊಬ್ಬಳು ಕಾಫಿ ಯಂತ್ರದ ಪಕ್ಕ ನಿಲ್ಲಿಸಿಕೊಂಡು ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದಳು. ನಾನು ಆಡಿದ್ದು ಹವಾಮಾನದ ಮಾತಲ್ಲ, ಹಾಸಿಗೆಯ ಮಾತು. ಹೇಳಬೇಕಾಗಿದ್ದದ್ದು ‘ಮಿರ್ ಇಸ್ಟ್ ಹೈಸ್’.

ಮಿರ್ ಎಂದರೆ ನನಗೆ. ನನಗೆ ಸೆಕೆ!

ಪುತ್ತೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಏಪ್ರಿಲ್ ಮೇ ತಿಂಗಳಲ್ಲಿ ದಿನಕ್ಕೆ ನೂರು ಸಲ ಹೇಳುವ ಮಾತು ಅದು. ‘ನಾನು ಸೆಕೆ’ ಎಂದು ನಮ್ಮೂರಿನಲ್ಲಿ ಮೂರು ವರ್ಷದ ಮಗುವೂ ಹೇಳುವುದಿಲ್ಲ. ಹಾಗಾದರೆ ನನ್ನ ಬಾಯಿಗೆ ಅದು ಬಂದದ್ದು ಎಲ್ಲಿಂದ? ಇಂಗ್ಲಿಷಿನಿಂದ. ಬೆಂಗಳೂರಿನ ಕಾಲೇಜಿನಲ್ಲಿ ಮೂರು ವರ್ಷ ಜರ್ಮನ್ ಕಲಿತದ್ದು ಇಂಗ್ಲಿಷಿನ ಮೂಲಕ. ಇಂಗ್ಲಿಷಿನಲ್ಲಿ ಯೋಚಿಸು, ಪದ ಪದ ಬದಲಿಸು, ಕ್ರಿಯಾಪದವನ್ನು ಎತ್ತಿ ಆಚೆ ಇಡು. ಚತುರ್ಥೀ ವಿಭಕ್ತಿಗಾಗಿ ಕೋಷ್ಟಕಗಳನ್ನು ಉರು ಹೊಡೆದೆವು. ಇದು ನಿಮ್ಮ ‘ನನಗೆ, ನಿನಗೆ’ ಅಷ್ಟೇ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಒಂದು ತಿಂಗಳಾದರೂ ಉಳಿಯುತ್ತಿತ್ತು. ದಲ್ಲಾಳಿಯ ತಕ್ಕಡಿಯಲ್ಲಿ ತೂಗಿಸಿದರೆ ಅಡಿಕೆ ಯಾವತ್ತೂ ಸ್ವಲ್ಪ ಕಡಿಮೆಯೇ ಬರುತ್ತದೆ ಎಂದು ಅಪ್ಪ ಗೊಣಗುವುದು ನೆನಪಾಯಿತು.

ಮಧ್ಯಾಹ್ನ ನೆಕರ್ ನದಿಯ ನಡುಗಡ್ಡೆಗೆ ಹೋಗಿ ಮರದ ನೆರಳಿನಲ್ಲಿ ಕುಳಿತು ಪುಸ್ತಕದ ಹಿಂದಿನ ಪುಟದಲ್ಲಿ ಪಟ್ಟಿ ಮಾಡಿದೆ. ನನಗೆ ಚಳಿ: ಮಿರ್ ಇಸ್ಟ್ ಕಾಲ್ಟ್. ಅದು ನನಗೆ ಹಿಡಿಸುತ್ತದೆ: ಡಾಸ್ ಗೆಫೆಲ್ಟ್ ಮಿರ್. ಎಲ್ಲವೂ ಹೀಗೇ ಕೂಡಿಬರುತ್ತದೆ ಎಂದು ಹಿಗ್ಗುವಷ್ಟರಲ್ಲಿ ಹಸಿವು ಕೈಕೊಟ್ಟಿತು. ನಮಗೆ ಹಸಿವು ‘ಆಗುತ್ತದೆ’. ಇವರು ಅದನ್ನು ‘ಇಟ್ಟುಕೊಂಡಿರುತ್ತಾರೆ’, ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡ ಹಾಗೆ. ಇರಲಿ.

ಹುಡುಗಿ ಎಂಬರ್ಥದ ಮೇಡ್ಷೆನ್ ನಪುಂಸಕಲಿಂಗ ಎಂದಾಗ ಬೆಂಗಳೂರಿನ ತರಗತಿಯೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ. ಆದರೆ ನಮ್ಮ ಮನೆಯ ಹವ್ಯಕ ಭಾಷೆಯಲ್ಲಿ ಹುಡುಗಿಗೆ ಕೂಸು ಎನ್ನುತ್ತೇವೆ, ಮತ್ತು ‘ಕೂಸು ಬಂತು’ ಎನ್ನುತ್ತೇವೆ, ‘ಬಂದಳು’ ಅಲ್ಲ. ಅಜ್ಜಿ ನನ್ನನ್ನು ಇಪ್ಪತ್ತೊಂದು ವರ್ಷದಿಂದ ನಪುಂಸಕಲಿಂಗದಲ್ಲಿಯೇ ಮುದ್ದು ಮಾಡುತ್ತಿದ್ದಾರೆ. ಅದು ಗೊತ್ತಿದ್ದೂ ನಕ್ಕೆನಲ್ಲ!

ಪ್ರಬಂಧದ ವಿಷಯ ನಾನೇ ಆರಿಸಿಕೊಂಡದ್ದು, ತಾರೀಕೂ ನಾನೇ ಬೇಡಿ ಪಡೆದದ್ದು. ಇದೇ ಜುಲೈ 1ರಂದು, 1843ರಲ್ಲಿ, ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಬಂತು. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ತೆಗೆದ ಪಾಕ್ಷಿಕ. ಅದರ ಸಂಪಾದಕ ಹರ್ಮನ್ ಮೋಗ್ಲಿಂಗ್ ದೇವಶಾಸ್ತ್ರ ಓದಿದ್ದು ಈ ಊರಿನಲ್ಲಿ. 1836ರಲ್ಲಿ ಮಿಷನರಿಯಾಗಿ ಮಂಗಳೂರಿಗೆ ಬಂದಿಳಿದ. ಅವನು ಇಲ್ಲಿ ವಿದ್ಯಾರ್ಥಿಯಾಗಿದ್ದಾಗ, ನಾನು ಕುಳಿತ ಜಾಗಕ್ಕೆ ಎದುರು ದಡದಲ್ಲಿ ಕಾಣುವ ಹಳದಿ ಗೋಪುರದಲ್ಲಿ, ಬುದ್ಧಿ ಕದಡಿದ ಕವಿ ಹೋಲ್ಡರ್ಲಿನ್ ಬಡಗಿಯೊಬ್ಬನ ಆಶ್ರಯದಲ್ಲಿ ಬದುಕಿದ್ದ. 1807ರಿಂದ 36 ವರ್ಷ ಅಲ್ಲಿಯೇ ಇದ್ದು, 1843ರ ಜೂನ್ 7ರಂದು ತೀರಿಕೊಂಡ. ಮಂಗಳೂರಿನಲ್ಲಿ ಪತ್ರಿಕೆ ಹೊರಬಂದದ್ದು ಅದಾಗಿ 24 ದಿನಕ್ಕೆ. ಎರಡಕ್ಕೂ ಸಂಬಂಧವೇನಿಲ್ಲ. ಆದರೂ ತಾರೀಕುಗಳನ್ನು ಪಕ್ಕಪಕ್ಕದಲ್ಲಿ ಬರೆದು ಸುಮಾರು ಹೊತ್ತು ನೋಡುತ್ತ ಕುಳಿತೆ.

ಮಂಡನೆಯ ಕೊನೆಗೆ ಕಿಟೆಲ್ ವಿಷಯವೂ ಬಂತು. ಅವನ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವನು 1903ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ‘ಕನ್ನಡದಿಂದ ಜರ್ಮನ್‌ಗೆ ಬರೆದ ನಿಘಂಟೇ?’ ಎಂದು, ಪೆನ್ನು ಹುಡುಕಿದವನೇ ಕೇಳಿದ. ಅಲ್ಲ, ಕನ್ನಡದಿಂದ ಇಂಗ್ಲಿಷಿಗೆ ಎಂದೆ. ಹೇಳಿದ ಮೇಲೆ ನನಗೇ ಅದು ಹೊಸದಾಗಿ ಕೇಳಿಸಿತು. ಜರ್ಮನ್ ಮನೆಮಾತಿನವನು ಕನ್ನಡಕ್ಕೆ ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡ ಮನೆಮಾತಿನ ನಾನು ಜರ್ಮನ್ ಕಲಿತದ್ದೂ ಇಂಗ್ಲಿಷಿನಲ್ಲಿ. ಅವನದು ಆಳುವವರ ಭಾಷೆಯ ಕಾಲ, ಕಾರಣವಿತ್ತು. ನನಗೇನಿತ್ತು?

ಸಂಜೆ ಮನೆಗೆ ಬಂದರೆ ಬಾಗಿಲಿಗೆ ಮರದ ಫಲಕ ನೇತಾಡುತ್ತಿತ್ತು: ಕೇರ್‌ವೋಖೆ. ಈ ಸ್ವಾಬಿಯನ್ ಸೀಮೆಯ ಪದ್ಧತಿ ಇದು. ಮನೆಗಳವರು ವಾರಕ್ಕೊಬ್ಬರಂತೆ ಸರದಿಯಲ್ಲಿ ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಸರದಿ ಯಾರದೋ ಫಲಕ ಅವರ ಬಾಗಿಲಿಗೆ. ವೀಸಾಕ್ಕಾಗಿ ಅಪ್ಪ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಬ್ಯಾಂಕಿನಲ್ಲಿ ಹಣ ಕಟ್ಟಿದ್ದು ನಾನು ಇಲ್ಲಿ ಮೆಟ್ಟಿಲು ಒರೆಸಲಿಕ್ಕೇ ಎಂದು ಫೋನಿನಲ್ಲಿ ಅಮ್ಮನನ್ನು ಕೇಳಿದೆ. ‘ಊರಿನಲ್ಲಿ ಒರೆಸಿದ್ದು ನೋಡಿಲ್ಲ, ಅಲ್ಲಿಯಾದರೂ ಒರೆಸು’ ಎಂದರು.

ಬಕೆಟ್ ಹಿಡಿದು ಮೇಲಿನ ಮೆಟ್ಟಿಲಿನಿಂದ ಶುರು ಮಾಡಿದೆ. ಬಟ್ಟೆ ಹಿಂಡಿ, ಕುಕ್ಕರುಗಾಲಿನಲ್ಲಿ ಕುಳಿತು, ಹಿಂದೆ ಹಿಂದೆ ಸರಿಯುತ್ತ, ನಮ್ಮ ಜಗಲಿ ಒರೆಸುವ ಕ್ರಮದಲ್ಲಿಯೇ. ಮೂರನೆಯ ಮಹಡಿಯ ಅಜ್ಜಿ ಕೈಚೀಲ ಹಿಡಿದು ಬಂದವರು ಒದ್ದೆ ಮೆಟ್ಟಿಲ ಬುಡದಲ್ಲಿ ನಿಂತರು. ಒಣಗುವ ತನಕ ಹತ್ತುವ ಜಾಯಮಾನ ಅವರದಲ್ಲ. ನನ್ನನ್ನು ಅವರು ಕರೆಯುವುದು ಮೇಡ್ಲೆ ಎಂದು. ಮೇಡ್ಷೆನ್ನಿಗೆ ಇಲ್ಲಿಯ ಆಡುನುಡಿಯ ರೂಪ, ಅದೂ ನಪುಂಸಕ. ಕೂಸು ಎಂದಂತೆಯೇ ಕೇಳಿಸುತ್ತದೆ. ಮುಖ ಕೆಂಪಾಗಿದೆಯಲ್ಲ, ಮೈ ಸರಿಯಿಲ್ಲವೇ ಎಂದು ವಿಚಾರಿಸಿದರು.

‘ಮಿರ್ ಇಸ್ಟ್ ಹೈಸ್’ ಎಂದೆ.

‘ಮಿರ್ ಔ’ ಎಂದರು. ನನಗೂ.

ಆಮೇಲೆ ಚೀಲ ಕೆಳಗಿಟ್ಟು, ಒರೆಸಿ ತಣ್ಣಗಾಗಿದ್ದ ಕೊನೆಯ ಕಲ್ಲಿನ ಮೆಟ್ಟಿಲಿನ ಮೇಲೆ ಮೆಲ್ಲನೆ ಕುಳಿತರು. ಪಕ್ಕದಲ್ಲಿ ನನಗೂ ಜಾಗ ಬಿಟ್ಟಿದ್ದರು.