ಯಾರ ಜೊತೆ ಯಾರು: ಮೈತ್ರಿ ಸರ್ಕಾರದ ಎಕ್ಸೆಲ್ ಹಾಳೆ ಎಲ್ಲಿಗೆ ಬಂತು

ಮೈತ್ರಿ ಸರ್ಕಾರದ ಲೆಕ್ಕಕ್ಕೆ ನಾನು ಮಾಡುತ್ತಿದ್ದ ಎಕ್ಸೆಲ್ ಹಾಳೆ ಕೊನೆಗೂ ಒಂದು ಹದಕ್ಕೆ ಬಂದಿದೆ. ಪಕ್ಷದ ಹೆಸರು, ಗೆದ್ದ ಸೀಟು, ಬಹುಮತದ ಸಂಖ್ಯೆ ತುಂಬಿದರೆ ಸಾಕು. ಸರ್ಕಾರ ಮಾಡಬಲ್ಲ ಕೂಟಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಯಾರು ಗೆಲ್ಲುತ್ತಾರೆ ಅಂತ ಇದು ಹೇಳೋದಿಲ್ಲ. ಆ ಕೆಲಸಕ್ಕೆ ವಿಜಯಪುರದ ಗಾಂಧಿ ಚೌಕದಲ್ಲಿ ಚಹಾ ಕುಡಿಯುವವರೆಲ್ಲ ಇದ್ದಾರೆ. ಮತ ಎಣಿಕೆ ಮುಗಿದು, ಯಾರಿಗೂ ಬಹುಮತ ಇಲ್ಲ ಅಂತಾದ ಮೇಲೆ ಏನು ನಡೆಯುತ್ತದೆ ಅನ್ನೋದಷ್ಟೇ ನನ್ನ ಹುಚ್ಚು.

ಒಳಗಿನ ಲೆಕ್ಕ ಸರಳ. ಪ್ರತಿ ಪಕ್ಷಕ್ಕೂ ಒಂದು ಕಾಲಂ. ಕೂಟದಲ್ಲಿ ಇದ್ದರೆ 1, ಇಲ್ಲದಿದ್ದರೆ 0. ನಾಲ್ಕು ಪಕ್ಷಕ್ಕೆ 15 ಸಾಲು, ಹತ್ತು ಪಕ್ಷಕ್ಕೆ 1023 ಸಾಲು. ಬಹುಮತ ದಾಟದ ಸಾಲು ಮೊದಲೇ ಹೋಗುತ್ತದೆ. ಉಳಿದದ್ದಕ್ಕೆ ಇನ್ನೊಂದು ಪರೀಕ್ಷೆ: ಆ ಕೂಟದ ಅತಿ ಸಣ್ಣ ಪಕ್ಷವನ್ನು ತೆಗೆದರೂ ಬಹುಮತ ಉಳಿಯುತ್ತದಾ? ಉಳಿದರೆ ಆ ಸಾಲೂ ಹೋಯಿತು. ಬೇಡದವರನ್ನು ಕರೆದು ಯಾರು ಖಾತೆ ಹಂಚುತ್ತಾರೆ? ಇದು ನನ್ನ ತಲೆಯಿಂದ ಬಂದದ್ದಲ್ಲ. ಅಮೆರಿಕದ ರಾಜಕೀಯ ಶಾಸ್ತ್ರಜ್ಞ ವಿಲಿಯಂ ರೈಕರ್ 1962ರಲ್ಲೇ ಹೇಳಿದ್ದು. ಗೆಲ್ಲೋಕೆ ಎಷ್ಟು ಬೇಕೋ ಅಷ್ಟೇ ಜನ ಸೇರುತ್ತಾರೆ, ಆಗ ಒಬ್ಬೊಬ್ಬರ ಪಾಲೂ ದೊಡ್ಡದಾಗುತ್ತದೆ ಅನ್ನೋದು ಅವರ ವಾದ. ಹಾಗಾಗಿ ಉಳಿದ ಸಾಲುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದ್ದೇನೆ. ಮೇಲಿನ ಸಾಲೇ ಹಾಳೆಯ ಉತ್ತರ.

ಮೊದಲು ನಮ್ಮದೇ ಕರ್ನಾಟಕ ವಿಧಾನಸಭೆಯ 2018 ಹಾಕಿದೆ. ತಡವಾಗಿ ಮತದಾನ ನಡೆದ ಎರಡು ಕ್ಷೇತ್ರ ಸೇರಿಸಿದರೆ ಬಿಜೆಪಿ 104, ಕಾಂಗ್ರೆಸ್ 80, ಜೆಡಿಎಸ್ 37. ಬಹುಮತಕ್ಕೆ 113. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿದರೆ 117, ಬಿಜೆಪಿ ಮತ್ತು ಜೆಡಿಎಸ್ 141, ಬಿಜೆಪಿ ಮತ್ತು ಕಾಂಗ್ರೆಸ್ 184. ಆದದ್ದು 117ರ ಸರ್ಕಾರವೇ. ಇನ್ನೊಂದು ಮಜಾ ನೋಡಿ. ಇಲ್ಲಿ ಯಾವ ಇಬ್ಬರು ಸೇರಿದರೂ ಸರ್ಕಾರ, ಯಾರೂ ಒಬ್ಬರೇ ಮಾಡುವಂತಿಲ್ಲ. ಅಂದರೆ ಚೌಕಾಸಿಗೆ ಕೂತಾಗ 104 ಸೀಟಿನವರಿಗೂ 37 ಸೀಟಿನವರಿಗೂ ಒಂದೇ ಬಲ.

ಮಂತ್ರಿ ಸ್ಥಾನದ ಹಂಚಿಕೆಗೂ ಒಂದು ಕಾಲಂ ಇದೆ. ಕೂಟಕ್ಕೆ ಯಾರು ಎಷ್ಟು ಸೀಟು ತಂದರೋ ಅದೇ ಪ್ರಮಾಣದಲ್ಲಿ ಖಾತೆ ಕೇಳುತ್ತಾರೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ 1961ರಲ್ಲಿ ಬರೆದಿದ್ದರು. ನಮ್ಮಲ್ಲಿ ಸಂಪುಟ ಸದನದ ಶೇ 15ನ್ನು ಮೀರುವಂತಿಲ್ಲ, ಆದ್ದರಿಂದ 34 ಸ್ಥಾನ. ಈ ಲೆಕ್ಕದಲ್ಲಿ ಜೆಡಿಎಸ್‌ಗೆ ಸುಮಾರು 11 ಬರಬೇಕು. ಒಪ್ಪಂದದಲ್ಲಿ ಸಿಕ್ಕಿದ್ದು ಮುಖ್ಯಮಂತ್ರಿ ಸೇರಿ 12, ಕಾಂಗ್ರೆಸ್‌ಗೆ 22. ಇಷ್ಟು ಹತ್ತಿರ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಆಮೇಲೆ ಮಹಾರಾಷ್ಟ್ರದ 2019. ನಮಗೆ ಬೆಂಗಳೂರಿಗಿಂತ ಸೊಲ್ಲಾಪುರ ಹತ್ತಿರ, ಆ ಸುದ್ದಿ ಇಲ್ಲಿಯೂ ಮನೆ ಸುದ್ದಿಯೇ. ಸದನ 288, ಬಹುಮತ 145. ಬಿಜೆಪಿ 105, ಶಿವಸೇನೆ 56, ಎನ್‌ಸಿಪಿ 54, ಕಾಂಗ್ರೆಸ್ 44. ಉಳಿದ 29 ಚೂರುಚೂರು, ಬಿಟ್ಟಿದ್ದೇನೆ. ಹಾಳೆ ಕೊಟ್ಟದ್ದು ನಾಲ್ಕೇ ಸಾಲು. ಬಿಜೆಪಿ–ಕಾಂಗ್ರೆಸ್ 149. ಸೇನೆ–ಎನ್‌ಸಿಪಿ–ಕಾಂಗ್ರೆಸ್ 154. ಬಿಜೆಪಿ–ಎನ್‌ಸಿಪಿ 159. ಬಿಜೆಪಿ–ಸೇನೆ 161.

ಮೊದಲನೆಯದು ಆಗದ ಮಾತು. ಅದನ್ನು ಹೊಡೆದು ಹಾಕಿದರೆ ಮೇಲೆ ಬರೋದು 154, ಉದ್ಧವ್ ಠಾಕ್ರೆ ಸರ್ಕಾರ. ಅದರ ಕೆಳಗಿನ 159ರ ಜೋಡಿಯ ಹೆಸರಲ್ಲೇ ನವೆಂಬರ್ 23ರ ಬೆಳಗ್ಗೆ ಪ್ರಮಾಣವಚನ ಆಗಿ, 26ಕ್ಕೆ ರಾಜೀನಾಮೆಯೂ ಆಯಿತು. ಒಟ್ಟಿಗೆ ಮತ ಕೇಳಿದ್ದ ಬಿಜೆಪಿ–ಸೇನೆ ಕೂಟ ಎಲ್ಲಕ್ಕಿಂತ ಕೆಳಗೆ. ಮುರಿದದ್ದೂ ಅದೇ.

ಆದರೆ ಇಲ್ಲೊಂದು ಕಿತಾಪತಿ ಇದೆ. 'ಆಗದ ಮಾತು' ಅಂತ ತೀರ್ಮಾನ ಮಾಡೋರು ಯಾರು? 2019ರ ಅಕ್ಟೋಬರ್‌ನಲ್ಲಿ ಕೇಳಿದ್ದರೆ ಸೇನೆ–ಕಾಂಗ್ರೆಸ್ ಕೂಡ ಆಗದ ಮಾತು ಅಂತಲೇ ಎಲ್ಲರೂ ಹೇಳುತ್ತಿದ್ದರು. ಅದನ್ನೂ ಹೊಡೆದರೆ ಉತ್ತರ 159ಕ್ಕೆ ಹೋಗುತ್ತದೆ. ಫಲಿತಾಂಶ ಗೊತ್ತಿರುವವನು ಈ ಕಾಲಂ ತುಂಬಿದರೆ ಹಾಳೆ ಎಂದೂ ತಪ್ಪೋದಿಲ್ಲ, ಅಲ್ವಾ? ಅದಕ್ಕೆ ಹೌದು–ಅಲ್ಲ ತೆಗೆದು, ವೈರಕ್ಕೆ 0ಯಿಂದ 5ರವರೆಗೆ ಅಂಕ ಇಟ್ಟಿದ್ದೇನೆ. ಅಂಕ ಹಾಕೋದು ನಾನಲ್ಲ. ಚುನಾವಣೆಗೆ ಮುಂಚಿನ ಪತ್ರಿಕೆಗಳನ್ನು ನೋಡಿ ಅಣ್ಣನ ಮಗ ಹಾಕುತ್ತಾನೆ. ಅವನಿಗೆ ರಾಜಕೀಯ ಅಂದರೆ ಬೇಸರ, ಅದೇ ಅನುಕೂಲ.

ನಮ್ಮ ಓಣಿಯ ಕಾಕಾ ಒಬ್ಬರು ಹಾಳೆ ನೋಡಿ ಒಂದೇ ಮಾತು ಅಂದರು: "ತಮ್ಮಾ, ಸೀಟ ಎಣಸೂದು ಇರಲಿ. ಖುರ್ಚಿ ಯಾರಿಗೆ ಅನ್ನೂದು ಮೊದಲ ಬರಿ." ಹಾಗಾಗಿ ಖುರ್ಚಿಗೊಂದು ಕಾಲಂ ಬಂತು. ಅದು ಬಂದ ಮೇಲೆಯೇ ಕರ್ನಾಟಕದ 2004 ನನಗೆ ಅರ್ಥ ಆದದ್ದು.

2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಸಣ್ಣ ಕೂಟ ಕಾಂಗ್ರೆಸ್–ಜೆಡಿಎಸ್, 123. ಧರ್ಮಸಿಂಗ್ ಮುಖ್ಯಮಂತ್ರಿ ಆದರು. ಇಲ್ಲಿಗೆ ರೈಕರ್ ಸರಿ. ಆದರೆ 58 ಸೀಟಿನವರಿಗೆ ಸಿಕ್ಕಿದ್ದು ಉಪಮುಖ್ಯಮಂತ್ರಿ ಸ್ಥಾನ. ಇನ್ನೊಂದು ಬದಿಯ ಬಿಜೆಪಿ–ಜೆಡಿಎಸ್ 137ರ ಕೂಟದಲ್ಲಿ ಖುರ್ಚಿಯೇ ಸಿಗುವಂತಿತ್ತು. 2006ರ ಫೆಬ್ರುವರಿಯಲ್ಲಿ ಕುಮಾರಸ್ವಾಮಿ ಆ ಬದಿಗೆ ಹೋಗಿ ಮುಖ್ಯಮಂತ್ರಿ ಆದರು, ತಲಾ 20 ತಿಂಗಳ ಮಾತಿನ ಮೇಲೆ. 2007ರಲ್ಲಿ ಖುರ್ಚಿ ಬಿಟ್ಟುಕೊಡುವ ಹೊತ್ತಿಗೆ ಆ ಮಾತೂ ಮುರಿಯಿತು. 2018ರಲ್ಲಿ ಕಾಂಗ್ರೆಸ್ ಮೊದಲ ದಿನವೇ ಖುರ್ಚಿ ಕೊಟ್ಟು ಕೂತದ್ದು ಸುಮ್ನೆ ಅಲ್ಲ. ಮುಂಬೈಯಲ್ಲಿ ಬಿಜೆಪಿ–ಸೇನೆ ಜಗಳವೂ ಎರಡೂವರೆ ವರ್ಷದ ಖುರ್ಚಿಯದ್ದೇ. ಈಗ ನನ್ನ ಹಾಳೆಯಲ್ಲಿ ಗಾತ್ರಕ್ಕಿಂತ ಖುರ್ಚಿಗೆ ಜಾಸ್ತಿ ತೂಕ. ಯುರೋಪಿನ ಲೆಕ್ಕಗಳಲ್ಲಿ ಸಿದ್ಧಾಂತದ ದೂರಕ್ಕೆ ತುಂಬ ಬೆಲೆ ಕೊಡುತ್ತಾರೆ. ನಮ್ಮ ಕಡೆ ಅದು ಖುರ್ಚಿಯ ಮುಂದೆ ನಿಲ್ಲೋದಿಲ್ಲ ಅಂತ ನನ್ನ ಅನಿಸಿಕೆ.

2024ರ ಲೋಕಸಭೆಗೆ ಮಾತ್ರ ಈ ಹಾಳೆ ಹೊಂದೋದಿಲ್ಲ. ಬಹುಮತಕ್ಕೆ 272 ಸಾಕು, ಎನ್‌ಡಿಎ ಇಟ್ಟುಕೊಂಡದ್ದು 293. ಕಾರಣ ಕಳೆದು ನೋಡಿದರೆ ಕಾಣುತ್ತದೆ. ಟಿಡಿಪಿಯ 16 ಹೋದರೂ 277, ಜೆಡಿಯುದ 12 ಹೋದರೂ 281. ಇಬ್ಬರೂ ಒಟ್ಟಿಗೆ ಹೋದರೆ ಮಾತ್ರ 265ಕ್ಕೆ ಇಳಿಯುತ್ತದೆ. ಯಾರೊಬ್ಬರ ಬೆದರಿಕೆಯೂ ನಡೆಯಬಾರದು ಅಂದರೆ ಸ್ವಲ್ಪ ಜಾಸ್ತಿ ಜನ ಬೇಕು. ಚುನಾವಣೆಗೆ ಮುಂಚಿನ ಮೈತ್ರಿಗೆ ಬೇರೆಯೇ ಹಾಳೆ ಮಾಡಬೇಕು.

ಸರ್ಕಾರ ಎಷ್ಟು ದಿನ ಬಾಳುತ್ತದೆ ಅನ್ನೋದಕ್ಕೆ ಕೈ ಹಾಕಿಲ್ಲ, ಹಾಕೋದೂ ಇಲ್ಲ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು. ಅನರ್ಹರಾದ 17 ಶಾಸಕರಲ್ಲಿ ಗೋಕಾಕ, ಅಥಣಿ, ಕಾಗವಾಡ ಹೀಗೆ ಮೂವರು ಬೆಳಗಾವಿ ಜಿಲ್ಲೆಯವರೇ. ಪಕ್ಷಕ್ಕೊಂದು ಕಾಲಂ ಇರುವ ಹಾಳೆಗೆ ಒಬ್ಬೊಬ್ಬ ಶಾಸಕನ ಮನಸ್ಸು ಕಾಣೋದಿಲ್ಲ.

ಈಗ ಕೈಯಲ್ಲಿರೋದು ನಮ್ಮ ವಿಜಯಪುರ ಮಹಾನಗರ ಪಾಲಿಕೆ. 2022ರಲ್ಲಿ 35 ವಾರ್ಡ್‌ಗಳಲ್ಲಿ ಬಿಜೆಪಿ 17, ಕಾಂಗ್ರೆಸ್ 10, ಪಕ್ಷೇತರರು 5, ಎಂಐಎಂ 2, ಜೆಡಿಎಸ್ 1. ಬಿಜೆಪಿಗೆ ಇನ್ನೊಬ್ಬರು ಸಿಕ್ಕರೆ 18. ಎದುರಿಗಿರುವವರೆಲ್ಲ ಒಬ್ಬರೂ ತಪ್ಪದೆ ಸೇರಿದರೂ 18. ಆದರೂ 2024ರ ಜನವರಿಯಲ್ಲಿ ಮೇಯರ್ ಆದವರು ಕಾಂಗ್ರೆಸ್‌ನವರು. ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮತ ಇದೆ, ಅದನ್ನು ಹಾಳೆಗೆ ಸೇರಿಸುತ್ತಿದ್ದೇನೆ. ಮೀಸಲಾತಿಯದ್ದು ಇನ್ನೂ ಬಾಕಿ. ಮೇಯರ್ ಸ್ಥಾನ ಯಾವ ವರ್ಗಕ್ಕೆ ಮೀಸಲೋ ಆ ವರ್ಗದ ಸದಸ್ಯರು ಇಲ್ಲದ ಪಕ್ಷ ಖುರ್ಚಿ ಕೇಳುವಂತೆಯೇ ಇಲ್ಲ. ಪಕ್ಷೇತರರನ್ನು ಒಂದು ಗುಂಪು ಮಾಡದೆ ಐವರಿಗೂ ಬೇರೆ ಬೇರೆ ಕಾಲಂ ಕೊಟ್ಟಿದ್ದೇನೆ, ಸಾಲು ಜಾಸ್ತಿಯಾಗಿ ಲ್ಯಾಪ್‌ಟಾಪ್ ಸ್ವಲ್ಪ ಏದುಸಿರು ಬಿಡುತ್ತಿದೆ. ಬೆಳಗಾವಿ ಪಾಲಿಕೆಯನ್ನೂ ಹಾಕು ಅಂತ ಅಲ್ಲಿನ ಗೆಳೆಯರು ಕೇಳಿದರು. 2021ರಲ್ಲಿ ಅಲ್ಲಿ 58ಕ್ಕೆ 35 ಬಿಜೆಪಿಯದ್ದೇ. ಅದಕ್ಕೆ ಹಾಳೆ ಯಾಕ್ರಿ?