6.5 ಗಿಗಾ ಅನಲೈಸರ್‌ನಲ್ಲಿ 24 ಗಿಗಾ ನೋಡುವುದು: ಮಿಕ್ಸರ್ ಕ್ಯಾಲಿಬ್ರೇಶನ್ ಎಲ್ಲಿಗೆ ಬಂತು

ನನ್ನ ಬೆಂಚಿನ ಎಚ್‌ಪಿ 8561ಇ ಸ್ಪೆಕ್ಟ್ರಮ್ ಅನಲೈಸರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವ ಉಪಕರಣ) 6.5 ಗಿಗಾಹರ್ಟ್ಜ್‌ಗೆ ಕೈ ಎತ್ತುತ್ತದೆ. ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) 24 ಗಿಗಾ ಬ್ಯಾಂಡ್‌ಗೆ ಕಟ್ಟುತ್ತಿರುವ ಟ್ರಾನ್ಸ್‌ವರ್ಟರ್‌ನಲ್ಲಿ (ಕೆಳಗಿನ ಬ್ಯಾಂಡಿನ ರೇಡಿಯೊವನ್ನು ಮೇಲಿನ ಬ್ಯಾಂಡಿಗೆ ಒಯ್ಯುವ ಪೆಟ್ಟಿಗೆ) ಏನು ಬರುತ್ತಿದೆ ಅಂತ ನೋಡದೆ ಟ್ಯೂನ್ ಮಾಡೋಕಾಗಲ್ಲ ಅಲ್ವಾ? ಹಾಗಾಗಿ ಹಳೆಯ 11970ಕೆ ಹಾರ್ಮೋನಿಕ್ ಮಿಕ್ಸರ್ ಒಂದನ್ನು ಹೊಂದಿಸಿಕೊಂಡೆ. 18ರಿಂದ 26.5 ಗಿಗಾ, ಡಬ್ಲ್ಯೂಆರ್-42 ವೇವ್‌ಗೈಡ್ (ಮೈಕ್ರೋವೇವ್ ಸಾಗಿಸುವ ಲೋಹದ ಕೊಳವೆ) ಬಾಯಿ.

ಕೆಲಸ ಸರಳ. ಅನಲೈಸರ್ ತನ್ನ ಎಲ್‌ಓವನ್ನು (ಲೋಕಲ್ ಆಸಿಲೇಟರ್, ಒಳಗೇ ಹುಟ್ಟುವ ಸಿಗ್ನಲ್) ಹೊರಗೆ ಕೊಡುತ್ತದೆ. ಮಿಕ್ಸರ್ ಅದರ 6ನೇ ಹಾರ್ಮೋನಿಕ್ (ಅಂದರೆ ಆರು ಪಟ್ಟು ಫ್ರೀಕ್ವೆನ್ಸಿ) ಜೊತೆ ಸಿಗ್ನಲ್ ಬೆರೆಸಿ 310.7 ಮೆಗಾಹರ್ಟ್ಜ್ ಐಎಫ್ (ನಡುವಿನ ಫ್ರೀಕ್ವೆನ್ಸಿ) ವಾಪಸ್ ಕಳಿಸುತ್ತದೆ. ಬಯಾಸ್ (ಮಿಕ್ಸರ್ ಡಯೋಡ್‌ಗೆ ಹೊರಗಿನಿಂದ ಕೊಡುವ ಡಿಸಿ) ಬೇಡ. ಎಲ್‌ಓಗೂ ಐಎಫ್‌ಗೂ ಬೇರೆ ಬೇರೆ ಕನೆಕ್ಟರ್ ಇರುವುದರಿಂದ ಅವೆರಡನ್ನು ಬೇರ್ಪಡಿಸುವ ಡಿಪ್ಲೆಕ್ಸರ್ ಕೂಡ ಬೇಡ. ಒಂದೇ ಕನೆಕ್ಟರ್‌ನ ಮಿಕ್ಸರ್‌ಗಳು ಅಗ್ಗಕ್ಕೆ ಸಿಗುತ್ತವೆ, ಆದರೆ ಆ ತಲೆನೋವು ನನಗೆ ಬೇಡ.

ಮೊದಲು ನೋಡಿದ್ದು ಎಲ್‌ಓ ಪವರ್. ಮಿಕ್ಸರ್‌ನ ಹತ್ತಿರ 14ರಿಂದ 16 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್) ಇರಬೇಕು. ಅನಲೈಸರ್ ಬಾಯಲ್ಲಿ ಎಷ್ಟಿದೆ ಅನ್ನುವುದು ಲೆಕ್ಕಕ್ಕಿಲ್ಲ. ಒಂದು ಮೀಟರ್ ಆರ್‌ಜಿ-316 ಕೇಬಲ್ 4 ಗಿಗಾದಲ್ಲಿ ಹತ್ತಿರ ಹತ್ತಿರ 2 ಡಿಬಿ ತಿಂದುಹಾಕುತ್ತದೆ. ಎಲ್‌ಓ ಸೊರಗಿದರೆ ಕನ್ವರ್ಶನ್ ಲಾಸ್ (ಬೆರೆಸುವಾಗ ಮಿಕ್ಸರ್‌ನಲ್ಲಿ ಕಳೆದುಹೋಗುವ ಸಿಗ್ನಲ್) ಏರುತ್ತದೆ, ಅದೂ ಬ್ಯಾಂಡಿನುದ್ದಕ್ಕೂ ಒಂದೇ ಸಮ ಅಲ್ಲ. ಗಿಡ್ಡ ಸೆಮಿ-ರಿಜಿಡ್ ಕೇಬಲ್ ಹಾಕಿ, ಅದರ ತುದಿಗೆ ಪವರ್ ಮೀಟರ್ ಇಟ್ಟು ನೋಡಿಕೊಂಡೆ. ಇನ್ನು ಆ ಕೇಬಲ್ ಬದಲಾಯಿಸುವ ಹಾಗಿಲ್ಲ. ಅದೂ ಕ್ಯಾಲಿಬ್ರೇಶನ್‌ನ ಭಾಗವೇ.

ಆಮೇಲೆ ದೆವ್ವಗಳ, ಅಂದರೆ ನಿಜಕ್ಕೂ ಇಲ್ಲದ ಸಿಗ್ನಲ್‌ಗಳ ಕಾಟ. ಬಾಗಿಲು ತೆರೆಯುವ ಸೆನ್ಸರ್‌ಗಳಲ್ಲಿ ಬರುವ ಸಿಡಿಎಂ324 ರಾಡಾರ್ ಮಾಡ್ಯೂಲ್ ಅನ್ನು ಮಿಕ್ಸರ್ ಬಾಯಿಗೆ ಹಾಕಿದ ಹಾರ್ನ್ ಆಂಟೆನಾ ಎದುರು ಇಟ್ಟೆ. ಇರುವುದು 24.125 ಗಿಗಾದ ಒಂದೇ ಸಿಗ್ನಲ್, ಪರದೆ ತುಂಬಾ ಗೆರೆಗಳು! ಮುಂದೆ ಫಿಲ್ಟರ್ ಇಲ್ಲ, ಹಾಗಾಗಿ ಇದು ಸಹಜ. 23.504ರಲ್ಲಿ ಅಷ್ಟೇ ಎತ್ತರದ ಅವಳಿ ನಿಂತಿತ್ತು. ಅದು ಇಮೇಜ್ (ಅದೇ ಹಾರ್ಮೋನಿಕ್‌ನ ಇನ್ನೊಂದು ಬದಿಯಿಂದ ಬರುವ ನಕಲು), ಐಎಫ್‌ನ ಎರಡರಷ್ಟು ಅಂದರೆ 621.4 ಮೆಗಾಹರ್ಟ್ಜ್ ಕೆಳಗೆ. ಬ್ಯಾಂಡಿನ ಬುಡದಲ್ಲಿ, 18.016ರ ಹತ್ತಿರ ಇನ್ನೊಂದು. ಎಲ್‌ಓ 3.054ಕ್ಕೆ ಬಂದಾಗ ಅದರ 8ನೇ ಹಾರ್ಮೋನಿಕ್ ಇದೇ ಸಿಗ್ನಲ್ ಅನ್ನು ಹಿಡಿಯುತ್ತದೆ, ಅನಲೈಸರ್ ಮಾತ್ರ 6ನೆಯದು ಅಂದುಕೊಂಡು ಲೆಕ್ಕ ಹಾಕುತ್ತದೆ. ಸಿಗ್ನಲ್ ಐಡಿ ಒತ್ತಿದರೆ ಎಲ್‌ಓ ಒಂದು ಸ್ವೀಪ್ ಬಿಟ್ಟು ಒಂದು ಸ್ವೀಪ್‌ನಲ್ಲಿ ಸರಿಯುತ್ತದೆ. ಎರಡರಲ್ಲೂ ಒಂದೇ ಜಾಗದಲ್ಲಿ ಕೂತಿರುವುದೇ ಅಸಲಿ. ಅಂದ ಹಾಗೆ ಈ ಮಾಡ್ಯೂಲ್‌ಗೆ ಸ್ಥಿರತೆ ಅನ್ನುವುದೇ ಇಲ್ಲ. ಬೆರಳು ತಾಗಿಸಿ ಬಿಸಿ ಮಾಡಿದರೆ ಸಾಕು, ಗೆರೆ ಪಕ್ಕಕ್ಕೆ ನಡೆಯುತ್ತದೆ. ದೆವ್ವ ಹಿಡಿಯೋಕೆ ಸರಿ, ಅಳತೆಗೆ ಆಗಿಬರಲ್ಲ.

ಲೆವೆಲ್ ಅಳೆಯೋಕೆ ಗೆಳೆಯನ ಸ್ವೀಪರ್ (ಬೇಕಾದ ಫ್ರೀಕ್ವೆನ್ಸಿ ಕೊಡುವ ಸಿಗ್ನಲ್ ಜನರೇಟರ್) ಎರವಲು ತಂದೆ. ಪವರ್ ಸೆನ್ಸರ್ ಅನ್ನು ಝೀರೋ ಮಾಡಿ, 50 ಮೆಗಾಹರ್ಟ್ಜ್ ರೆಫರೆನ್ಸ್‌ನಲ್ಲಿ ಕ್ಯಾಲ್ ಮಾಡಿ, ಮೈಮೇಲೆ ಅಚ್ಚಾಗಿರುವ ಕ್ಯಾಲ್ ಫ್ಯಾಕ್ಟರ್ ಹಾಕಿಕೊಂಡೆ. ಮಿಕ್ಸರ್‌ನ ಮ್ಯಾಚ್ ಅಷ್ಟೇನೂ ಚೆನ್ನಾಗಿಲ್ಲ, ಸಿಗ್ನಲ್ ಒಂದಿಷ್ಟು ವಾಪಸ್ ಚಿಮ್ಮುತ್ತದೆ, ಅದಕ್ಕೇ ನಡುವೆ 10 ಡಿಬಿ ಪ್ಯಾಡ್ (ಸಿಗ್ನಲ್ ತಗ್ಗಿಸುವ ತುಂಡು) ಇದ್ದೇ ಇರಬೇಕು. ಪ್ಯಾಡ್ ಇಲ್ಲದೆ ನೋಡಿದರೆ ಸ್ವೀಪ್ ಉದ್ದಕ್ಕೂ ಲೆವೆಲ್ ಅಲೆಅಲೆಯಾಗಿ ಏರಿಳಿಯುತ್ತದೆ. 24 ಗಿಗಾದಲ್ಲಿ ಮೀಟರ್ -20.0 ಡಿಬಿಎಂ ತೋರಿಸಿತು. ಅದನ್ನೇ ಮಿಕ್ಸರ್‌ಗೆ ಕೊಟ್ಟಾಗ ಅನಲೈಸರ್ ಹೇಳಿದ್ದು -21.3. ಅಂದರೆ ಅನಲೈಸರ್‌ನ ಕನ್ವರ್ಶನ್ ಲಾಸ್ ಕೋಷ್ಟಕದಲ್ಲಿ ಆ ಜಾಗಕ್ಕೆ 1.3 ಡಿಬಿ ಜಾಸ್ತಿ ಸೇರಿಸಬೇಕು. ಐಎಫ್ ಕೇಬಲ್‌ನ ಲಾಸ್ ಕೂಡ ಇದರಲ್ಲೇ ಸೇರಿಹೋಗುತ್ತದೆ, ಪ್ರತ್ಯೇಕ ಲೆಕ್ಕ ಬೇಡ. ಸ್ವೀಪರ್ ಅನ್ನು 10 ಡಿಬಿ ಇಳಿಸಿದಾಗ ಪರದೆಯಲ್ಲೂ 10 ಇಳಿಯಿತು, ಹಾಗಾಗಿ ಕಂಪ್ರೆಶನ್ (ಜೋರು ಸಿಗ್ನಲ್‌ಗೆ ಮಿಕ್ಸರ್ ಅದುಮಿಹೋಗುವುದು) ಇಲ್ಲ. ಹೀಗೇ ಬ್ಯಾಂಡಿನುದ್ದಕ್ಕೂ ಅಳೆದು ಕನ್ವರ್ಶನ್ ಲಾಸ್ ಕೋಷ್ಟಕ ತುಂಬಿಸಿದೆ. ಅಡಾಪ್ಟರ್, ಪ್ಯಾಡ್ ಎಲ್ಲ ಸೇರಿ ಇನ್ನೂ 2 ಡಿಬಿ ಆಚೀಚೆ ಇರಬಹುದು. ಟ್ರಾನ್ಸ್‌ವರ್ಟರ್ ಟ್ಯೂನ್ ಮಾಡೋಕೆ ಧಾರಾಳ ಸಾಕು.

ಮುಂದಿನ ಸರದಿ ಎಚ್‌ಬಿ100 ರಾಡಾರ್ ಮಾಡ್ಯೂಲ್. ಅದರ ಅಸಲು 10.525 ಗಿಗಾ, ಡಬ್ಲ್ಯೂಆರ್-42ರ ಕಟ್‌ಆಫ್ 14ರ ಆಸುಪಾಸು, ಅದಕ್ಕಿಂತ ಕೆಳಗಿನದನ್ನು ವೇವ್‌ಗೈಡ್ ಸಾಗಿಸಲ್ಲ. ಅಸಲು ಒಳಗೆ ಬರಲ್ಲ, 21.05ರಲ್ಲಿರುವ ಎರಡನೇ ಹಾರ್ಮೋನಿಕ್ ಮಾತ್ರ ಬರಬೇಕು. ಅದು ಎಷ್ಟು ಜೋರಾಗಿದೆ ಅಂತ ಈ ವಾರಾಂತ್ಯ ನೋಡುತ್ತೇನೆ.